ತಿಳೀತೋ ಇಲ್ಲೋ

ಇವತ್ತ ಜುಲೈ ತಿಂಗಳ ಮೊದಲನೇ ಶನಿವಾರ, ಸಾಲಿ ಬಿಟ್ಟು ಹತ್ತು ನಿಮಿಷ ಆಗೇತಿ. ಇದನ್ನ ಯಾಕ ಹೇಳ್ತೇನಿ ಅಂದ್ರ, ನಿನ್ನ ಹೊರ್ತಿ ಊರಿನ ಬಸ್ಸಿಗೆ ಇನ್ನ ಅರ್ಧ ತಾಸು ಐತಿ. ಅವಸರ ಮಾಡಬ್ಯಾಡ, ಕುಂದ್ರು. ಏ, ಏಳಬ್ಯಾಡ ಅಂದ್ನೆಲ್ಲ. ನಾ ಇನ್ನ ನಿಮ್ಮ ಸರ್ ಆಗಿಲ್ಲ. ಹೆಡ್ ಮೇಡಂ ನಿನ್ನ ಒಳಗ ಕರದು ಕೇಳೂತನಾ ನಾನೂ ನಿನ್ನಂಗ ಈ ಕಟ್ಟಿ ಮ್ಯಾಲ ಕುಂದ್ರಾವ.

ದಾನೇಶ್ವರಿ ಅಲ್ಲ ನಿನ್ನ ಹೆಸರು? ಒಂಬತ್ತನೇ ಕ್ಲಾಸ್, ಮಾನಿಟರ್. ನೋಡು, ಒಂದು ಪಿರಿಯಡ್‌ದಾಗ ನೆನಪಿಟ್ಟೇನಿ. ಬಸಂತರಾಯ ಸರ್ ಇದ ಸಾಲ್ಯಾಗ ಮೂರು ವರ್ಷ ನನಗ ವಿಜ್ಞಾನ ಕಲಿಸಿದ್ರು, ಮೂರು ವರ್ಷನೂ ನನ್ನ ಸುನೀಲಕುಮಾರ ಅಂದ್ರು. ನನ್ನ ಹೆಸರು ಸುಭಾಸ. ಸುನೀಲಕುಮಾರ ನನ್ನ ಬಾಜೂಕ ಕುಂದರ್ತಿದ್ದ. ಅವಂಗ ಸುಭಾಸ ಅಂತಿದ್ರೇನು ಅಂದ್ರ ಅದೂ ಇಲ್ಲ. 'ಏ ಕಿಡಕಿ ಬಾಜೂದಾವ' ಅಂತಿದ್ರು.

ನಗು, ಅಡ್ಡಿಯಿಲ್ಲ. ಮೇ ತಿಂಗಳದಾಗ ರಿಟೈರ್ ಆಗ್ಯಾರ, ಇನ್ನ ಯಾರ ಮಾರ್ಕ್ಸೂ ಕಡಿಮಿ ಮಾಡಂಗಿಲ್ಲ.

ಏನೂ ಬದಲಾಗಿಲ್ಲ ನೋಡು ಇಲ್ಲೆ. ಇದ ಬೇವಿನ ಗಿಡ, ಇದ ಕಟ್ಟಿ. ಗ್ವಾಡಿಗೆ ಹೊಸಾ ಬಣ್ಣ ಹಚ್ಯಾರ, ಸೌರಮಂಡಲದ ಚಿತ್ರ ತಗದಾರ. ಶನಿಗೆ ಉಂಗುರ ಹಾಕ್ಯಾರ, ಸರಿ. ಭೂಮಿಗೂ ಒಂದು ಹಾಕ್ಯಾರಲ್ಲ. ಡ್ರಾಯಿಂಗ್ ಶ್ರೀಶೈಲ ಸರ್ ಕೆಲಸ ಇರಬೇಕು. ಬಣ್ಣ ಉಳದಿತ್ತು ಕಾಣಸ್ತೈತಿ.

ಆ ಮೂಲಿ ಖೋಲಿ ಲ್ಯಾಬ್. ಒಳಗ ಹೋಗೀರೇನು ನೀವು? ಇಲ್ಲ. ನಾವು ವರ್ಷಕ್ಕ ಒಮ್ಮಿ ಹೋಗ್ತಿದ್ವಿ, ಆಯುಧ ಪೂಜಾದ ದಿವಸ. ಬಸಂತರಾಯ ಸರ್ ಮೈಕ್ರೋಸ್ಕೋಪಿಗೆ ಚೆಂಡು ಹೂವು ಏರಸಾವ್ರು, ಕುಂಕುಮ ಹಚ್ಚಾವ್ರು. ಕುಂಕುಮ ಎಲ್ಲಿ ಹಚ್ಚಿದ್ರು ಗೊತ್ತೇನು? ಲೆನ್ಸಿಗೆ. ಹತ್ತನೇ ಕ್ಲಾಸಿನಾಗ ಒಮ್ಮಿ ಉಳ್ಳಾಗಡ್ಡಿ ಸಿಪ್ಪಿ ಇಟ್ಟು ನೋಡಾಕ ಕೊಟ್ರು. ಜೀವಕೋಶ ಕೆಂಪು ಇರ್ತಾವ ಅಂತ ಎಲ್ಲಾರೂ ಬರದ್ವಿ. ಎಲ್ಲಾರಿಗೂ ರೈಟ್ ಬಿತ್ತು. ಇಂಥಾ ಸಾಲ್ಯಾಗಿಂದ ಹೋಗಿ ನಾ ಬಿಎಸ್ಸಿ ಮಾಡೇನಿ, ಬಿಎಡ್ ಮಾಡೇನಿ. ನನ್ನ ಹಿಮ್ಮತ್ತಿನಿಂದ ಮಾಡೇನಿ, ಇವರಿಂದ ಅಲ್ಲ. ತಿಳೀತೋ ಇಲ್ಲೋ?

ಅವರ ಪಾಠ ಅಂದ್ರ ಏನು? ಪುಸ್ತಕದಾಗಿಂದು ಒಂದು ಸಾಲು ಓದಾವ್ರು, ನಮ್ಮ ಕಡೆ ತಿರಗಾವ್ರು, 'ತಿಳೀತೋ ಇಲ್ಲೋ?' ಅನ್ನಾವ್ರು. ನಾವು 'ತಿಳೀತ್ರೀ ಸರ್' ಅನ್ನಾವ್ರು. ಮುಂದಿನ ಸಾಲು. ಇಲ್ಲ ಅಂದ್ರ? ಅದ ಸಾಲು ಮತ್ತೊಮ್ಮಿ ಓದಾವ್ರು, ಸ್ವಲ್ಪ ಜೋರಾಗಿ. ಹಂಗಾಗಿ ಯಾರೂ ಇಲ್ಲ ಅಂತಿದ್ದಿಲ್ಲ. ನಾ ಎಡಗಿಸೆ ತುಂಬ ಹುಣಸಿ ಬೀಜ ತರ್ತಿದ್ದೆ. ಅವರು ಒಮ್ಮಿ ಹಂಗ ಕೇಳಿದ್ರ ಒಂದು ಬೀಜ ಬಲಗಿಸೆಕ್ಕ. ಪಿರಿಯಡ್ ಮುಗಿಯೂದ್ರಾಗ ಬಲಗಿಸೆ ಜೋತ ಬೀಳತಿತ್ತು. ವಿಜ್ಞಾನದಾಗ ನಾ ಮಾಡಿದ ಮೊದಲನೇ ಪ್ರಯೋಗ ಅದು.

ನಾ ಹಂಗ ಅಲ್ಲ. ಮೊದಲು ವ್ಯಾಖ್ಯೆ, ಆಮ್ಯಾಲ ಉದಾಹರಣಿ, ಆಮ್ಯಾಲ ಪ್ರಶ್ನಿ. ಎಲ್ಲಾದಕ್ಕೂ ಒಂದು ಕ್ರಮ ಇರ್ತೈತಿ. ತಿಳೀತೋ ಇಲ್ಲೋ?

ಎರಡು ಬೆರಳು ಯಾಕ ಮಡಚಿಕೊಂಡು ಕುಂತಿ? ಬರದು ಬರದು ನೋಯಾಕತ್ತಾವೇನು?

ನಿಮ್ಮ ಹೆಡ್ ಮೇಡಂ, ವಿದ್ಯಾವತಿ ಮೇಡಂ, ಆಗ ನಮಗ ಕನ್ನಡ ಕಲಿಸ್ತಿದ್ರು. ಇವತ್ತ ಹಿಂದಿನ ಬೆಂಚಿನ ಮ್ಯಾಲ ಕುಂತು ನನ್ನ ಪಾಠ ಪರೀಕ್ಷಾ ಮಾಡಿದ್ರು. ಜಡತ್ವ ಅಂದ್ರ ಏನು ಅಂತ ಅವರಿಗೇನ ಗೊತ್ತು? ಅರ್ಧಕ್ಕ ಕಣ್ಣು ಮುಚ್ಚಿದ್ರು. ನಿದ್ದಿನೋ, ಧ್ಯಾನನೋ.

ಹಂಗ್ಯಾಕ ನೋಡ್ತಿ? ಆತವಾ, ನಿದ್ದಿ ಅಲ್ಲ. ಎಚ್ಚರ ಇದ್ರು. ಪಾಠ ಮುಗದ ಮ್ಯಾಲ ನನಗ ಏನಂದ್ರು ಗೊತ್ತೇನು? "ಎಲ್ಲಾರೂ ತಿಳೀತು ಅಂದ್ರು ಸುಭಾಸ, ದಾನೇಶ್ವರಿ ಒಬ್ಬಾಕಿ ಅನ್ನಲಿಲ್ಲ. ಆಕಿನ್ನ ಕೇಳಿ ಹೇಳ್ತೇನಿ." ವಿಚಾರ ಮಾಡು. ಬಿಎಡ್ ಮಾಡಿದಾಂವ ಸೋಮವಾರದಿಂದ ಅತಿಥಿ ಶಿಕ್ಷಕ ಆಗಬೇಕಂದ್ರ ಒಂಬತ್ತನೇ ಕ್ಲಾಸಿನ ಹುಡಿಗಿ ಹೂಂ ಅನ್ನಬೇಕು. ಈ ಸಾಲಿ ಸುಧಾರಸಂಗಿಲ್ಲ.

ನನಗೇನ ಬ್ಯಾರೆ ಸಾಲಿ ಇಲ್ಲಂತಲ್ಲ. ಸಿಂದಗ್ಯಾಗ ಕರದಿದ್ರು, ಹೋಗಿ ಪಾಠ ಮಾಡಿ ಬಂದೆ. ಅಲ್ಲಿ ಹೆಡ್ ಸರ್‌ಗೆ ನಾ ಬೋರ್ಡ್ ಮ್ಯಾಲ ತಗದ ಚಿತ್ರನ ತಿಳೀಲಿಲ್ಲ. ಮುದ್ದೇಬಿಹಾಳ ದೂರ. ಬಸವನ ಬಾಗೇವಾಡ್ಯಾಗ ಹುಡುಗೂರು ಬಾಳ ಮಾತಾಡ್ತಾರ, ಶಿಸ್ತಿಲ್ಲ. ಮೂರೂ ಕಡೆ ನಾನ ಬಿಟ್ಟು ಬಂದೇನಿ. ಅವರು ಬಿಟ್ಟದ್ದಲ್ಲ, ನಾ ಬಿಟ್ಟದ್ದು. ತಿಳೀತೋ ಇಲ್ಲೋ?

ಇರಲಿ. ಪಾಠದ ಮಾತಿಗೆ ಬರೂನು. ನಾ ಹೇಳಿದ್ದು ಏನು? ವಸ್ತು ಇದ್ದ ಸ್ಥಿತಿಯೊಳಗ ಇರಾಕ ನೋಡ್ತೈತಿ, ಅದು ಜಡತ್ವ. ಉದಾಹರಣಿ, ಓಡೂ ಬಸ್ಸಿಗೆ ಬ್ರೇಕ್ ಹಾಕಿದ್ರ ನಿಂತ ಮಂದಿ ಮುಂದ ಬೀಳ್ತಾರ. ಎಲ್ಲಾ ಪುಸ್ತಕದಾಗ ಇದ ಉದಾಹರಣಿ ಐತಿ. ನೀ ಕೈ ಎತ್ತಿದಿ. "ಮುಂದ ಬೀಳೂದು ಖರೆರಿ ಸರ್, ಬಸ್ಸು ಪೂರ್ತಿ ನಿಂತ ಮ್ಯಾಲ ಒಮ್ಮಿ ಹಿಂದ ಯಾಕ ಜಗ್ಗತೈತ್ರಿ? ನಾ ದಿನಾ ಹಿಂದ ನಿಂತಾವ್ರ ಕಾಲು ತುಳೀತೇನ್ರಿ." ಕ್ಲಾಸ್ ಎಲ್ಲಾ ನಕ್ತು.

ಅದು ಸಿಲೆಬಸ್‌ದಾಗ ಇಲ್ಲ. ಅದಕ್ಕ ನಾ ವ್ಯಾಖ್ಯೆ ಮತ್ತೊಮ್ಮಿ ಹೇಳ್ದೆ, ಸ್ವಲ್ಪ ಜೋರಾಗಿ. ನಲ್ವತ್ತೊಂದು ಮಂದಿಗೆ ತಿಳೀತು. ನಿನಗ ಒಬ್ಬಾಕಿಗೆ ಏನಾತು? ಪರೀಕ್ಷಾಕ್ಕ ಬ್ಯಾಡಾದದ್ದು ತಲ್ಯಾಗೂ ಬ್ಯಾಡ. ತಿಳೀತೋ ಇಲ್ಲೋ?

ಅತ್ತ ಯಾಕ ನೋಡಾಕತ್ತಿ? ಅದು ಇಂಡಿಗೆ ಹೋಗೂ ಬಸ್ಸು, ನಿಂದಲ್ಲ. ಗೇಟಿನ ಮುಂದ ನಿಂತೈತಿ, ಅಷ್ಟ.

ಹೂಂ, ಬಸ್ಸು ನಿಂತ ಮ್ಯಾಲ ಕಂಡಕ್ಟರ್ ಹಿಂದ ವಾಲಿದ. ನೋಡ್ದೆ. ಕಂಬಿ ಹಿಡಕೊಂಡಿದ್ದಿಲ್ಲ, ಅದಕ್ಕ ವಾಲಿದ.

...ಕಂಬಿ ಹಿಡಕೊಂಡ ಮುದಕಿನೂ ವಾಲಿದ್ಲು. ನೋಡೇನವಾ, ನನಗೂ ಕಣ್ಣ ಅದಾವ. ನಾನೂ ಮೂರು ವರ್ಷ ಇದ ರಸ್ತಾದಾಗ ಬಸ್ಸಿನಾಗ ನಿಂತಗೊಂಡು ಬಂದೇನಿ. ನನಗ ಹೊಳೀಲಾರದ್ದು, ಬಿಎಸ್ಸಿ ಪುಸ್ತಕದಾಗ ಇರಲಾರದ್ದು, ಪ್ರಶ್ನಿನ ಅಲ್ಲ. ತಿಳೀತೋ ಇಲ್ಲೋ?

ಸ್ಪ್ರಿಂಗ್ ಇರ್ತಾವ ಗಾಲಿ ಮ್ಯಾಲ. ಬ್ರೇಕ್ ಬಿದ್ದಾಗ ಬಸ್ಸಿನ ಮುಖ ಕೆಳಗ ಹೋಗ್ತೈತಿ, ನಿಂತ ಮ್ಯಾಲ ಎದ್ದು... ಇಲ್ಲ, ಅದೊಂದ ಅಲ್ಲ. ನಾವೂ ಬೀಳಬಾರದಂತ ಹಿಂದ ಒತ್ತಿರ್ತೇವಲ್ಲ, ಬಸ್ಸು ನಿಂತರೂ ಆ ಒತ್ತಿದ್ದು... ಏನು ಕಣ್ಣ ಅಗಲ ಮಾಡ್ತಿ? ಇದು ಉತ್ತರ ಅಂತ ನಾ ಹೇಳಿಲ್ಲ. ಗೊತ್ತಿದ್ರ ಕ್ಲಾಸಿನಾಗ ಹೇಳ್ತಿದ್ದಿಲ್ಲೇನು?

...ಹಂಗಲ್ಲ. ಗೊತ್ತಿಲ್ಲ ಅಂತ ಅಲ್ಲ.

ಹಂಗ ನೋಡಬ್ಯಾಡ. ಬಾಗೇವಾಡ್ಯಾಗೂ ಒಬ್ಬಾಂವ ಹಿಂಗ ನೋಡಿದ. ಇದಲ್ಲ, ಇಂಥಾದ್ದ ಒಂದು ಕೇಳಿದ್ದ. ಅಲ್ಲಿ ಹೆಡ್ ಸರ್ "ನಿಮಗ ತಿಳಸ್ತೇವ್ರಿ" ಅಂದ್ರು. ಸಿಂದಗ್ಯಾಗೂ ತಿಳಸ್ತೇವಿ ಅಂದ್ರು. ಮುದ್ದೇಬಿಹಾಳದಾಗ ಅದನ್ನೂ ಅನ್ನಲಿಲ್ಲ. ಇನ್ನ ಉಳದದ್ದು ಇದೊಂದು ಸಾಲಿ. ಭೂಮಿಗೆ ಉಂಗುರ ಹಾಕಿದ ಸಾಲಿ.

ಅಗಾ, ಶಂಕ್ರೆವ್ವ ಬಂದ್ಲು. ನಮ್ಮ ಕಾಲದಾಗೂ ಈಕಿನ ಗಂಟಿ ಹೊಡೀತಿದ್ಲು. ಹೂಂ ಯವ್ವಾ, ಕಳಸ್ತೇನಿ, ಮೇಡಂಗ ಹೇಳು, ಒಂದ ನಿಮಿಷ.

ಕೇಳು. ಒಳಗ ಹೋದಿ, ಮೇಡಂ ಕೇಳಿದ್ರು, 'ತಿಳೀತ್ರಿ' ಅಂದಿ, ಹೊರಗ ಬಂದಿ. ಉಳದಾವ್ರೆಲ್ಲಾ ಅಂದಾರ, ನೀನೂ ಅಂದ್ರ ಯಾರಿಗೂ ತ್ರಾಸಿಲ್ಲ. ತಿಳೀತೋ ಇಲ್ಲೋ?

ಮಾತಾಡು. ಪ್ರಶ್ನಿ ಕೇಳಾಕ ಬಾಯಿತ್ತು, ಈಗೇನಾತು? ನಾ ಇಷ್ಟೊತ್ತು ಗ್ವಾಡಿಗೆ ಹೇಳಾಕತ್ತಿಲ್ಲ, ನಿನಗ ಹೇಳಾಕತ್ತೇನಿ. ತಿಳೀತೋ ಇಲ್ಲೋ?

ಮತ್ತ ಒಂದು ಬೆರಳು ಮಡಚಿದಿ. ಆಗಲಿಂದ ನೋಡಾಕತ್ತೇನಿ, ನಡುನಡುವ ಒಂದೊಂದ ಬೆರಳು. ಏನು ಎಣಸಾಕತ್ತಿ? ಬಸ್ಸೇನು? ಬಂದದ್ದು ಒಂದ ಬಸ್ಸು.

ಮತ್ತ ಏನು?

...

ನಿನ್ನ ಹತ್ರ ಹುಣಸಿ ಬೀಜ ಇಲ್ಲ.

ಕೈ ಹಿಂದ ಮಾಡಬ್ಯಾಡ. ತೋರಸು.

ಎಡಗೈ ಪೂರ್ತಿ ಮಡಚೇತಿ. ಬಲಗೈಯಾಗ ಎರಡು.

ಏಳು.