ಹಸಿರಿಗೆ ತಿರುಗಿದ ಫ್ಲಾಸ್ಕು

ನಗು, ನಗು! ಬೆಳಗ್ಗಿಂದ ಅತ್ತವಳು ಈಗ ನಕ್ಕೆಯಲ್ಲ, ನನ್ನ ಮೂಗಿನ ಪುಣ್ಯ. ಆದ್ರೆ ಸುಳ್ಳಲ್ಲ ಕಣಮ್ಮ. ಈ ಲ್ಯಾಬಿನ ಗಾಜು ತೊಳೆದು ತೊಳೆದು ನಲವತ್ತು ವರ್ಷ. ನನಗೆ ಅಕ್ಷರ ಬರದಿದ್ರೂ ಮೂಗು ಡಾಕ್ಟರೇಟ್ ಮಾಡಿದೆ! ನೀವು ಮಾಡ್ತೀರಲ್ಲ ರಂಜಕದ ಮಾಲು, ಕೆಟ್ಟ ಬೆಳ್ಳುಳ್ಳಿ ಥರ ನಾರಿದ್ರೆ ಜೀವಂತ. ನಾರದಿದ್ರೆ ಹೋಯ್ತು ಅಂತ ಲೆಕ್ಕ. ಒಂದ್ಸಲ ಮೂರನೇ ಮಹಡೀಲಿ ಬಿರಡೆ ತೆಗೆದ್ರೆ, ನಾನು ಗೇಟಿನ ಹತ್ರ ನಿಂತೇ ‘ತಾಜಾ!’ ಅಂದೆ. ಅದನ್ನೇ ಹೇಳೋಕೆ ಆ ದೊಡ್ಡ ಯಂತ್ರ ಮೂರು ಗಂಟೆ ತಗೊಳ್ತು. ಆಮೇಲೆ ನಾಚಿಕೆಯಿಂದ ಒಂದು ವಾರ ಕೆಲಸಾನೇ ಮಾಡ್ಲಿಲ್ಲ!

...ಸರಿ, ಕರೆಂಟೂ ಇರ್ಲಿಲ್ಲ ಅನ್ನು.

ಮತ್ತೆ ಯಾಕೆ ಮುಖ ಬಾಡಿಸ್ತೀಯಾ? ಫ್ಲಾಸ್ಕಲ್ಲಿರೋದು ಹಸಿರಾಯ್ತು ಅಂತಾನಾ? ನನಗೂ ಗೊತ್ತಾಗುತ್ತೆ ಬಿಡು. ನಡುವೆ ರುಥೇನಿಯಂ ಅನ್ನೋ ಲೋಹ, ದುಬಾರಿ ಅಳಿಯ. ಸುತ್ತ ರಂಜಕದ ಮೂವರು ಭಾವಮೈದುನರು, ಕೈ ಹಿಡ್ಕೊಂಡು. ಗಾಳಿ ಒಳಗೆ ಬಂತೋ, ಮೂವರೂ ಅಳಿಯನ್ನ ಬಿಟ್ಟು ಅದರ ಹಿಂದೆ! ತಪ್ಪಾ? ನೀನೇ ತಾನೇ ಹೇಳ್ಕೊಟ್ಟಿದ್ದು... ಭಾವಮೈದುನರು ಮಾತ್ರ ನನ್ನದು.

ಐದು ವಾರ ಅಲುಗಾಡಿಸದೆ ಬೆಳೆಸಿದ ಹರಳು. ನಿನ್ನೆ ದಾಳಿಂಬೆ ಬೀಜದ ಹಾಗಿತ್ತು, ಇವತ್ತು ಪಾಚಿ. ಯಾರು ಯಾವ ಕಡೆ ನಿಂತಿದ್ದಾರೆ ಅಂತ ಎಕ್ಸ್-ರೇಯಲ್ಲಿ ನೋಡೋಕೆ ನಿನ್ನ ಸರದಿ ಇವತ್ತೇ. ಮುಂದಿನ ಸರದಿ ಆರು ತಿಂಗಳಿಗೆ, ಅಷ್ಟರಲ್ಲಿ ನಿನ್ನ ಪಿಎಚ್.ಡಿ. ಗಡುವೇ ಮುಗಿದಿರುತ್ತೆ... ಗೊತ್ತಮ್ಮ, ಗೊತ್ತು.

ಎಲ್ಲಿಗೆ ಎದ್ದೆ? ಮೇಷ್ಟ್ರ ಹತ್ರಾನಾ? ಬಿರಡೆ ಸಡಿಲ ಬಿಟ್ಟಿದ್ದೆ, ತಪ್ಪು ನಂದು ಅಂತ ಹೇಳೋಕಾ? ಹುಚ್ಚಿ! ಅವರು ನಿನ್ನನ್ನ ಇನ್ನು ಈ ಬಾಗಿಲು ದಾಟೋಕೆ ಬಿಡ್ತಾರಾ? ಕೂತ್ಕೋ. ನೀನು ಸಡಿಲ ಬಿಟ್ಟಿರ್ಲಿಲ್ಲ. ಗಟ್ಟಿಯಾಗೇ ಮುಚ್ಚಿದ್ದೆ. ಅಬ್ಬಬ್ಬಾ, ಎಂಥಾ ಬಿಗಿ! ಬರಿಗೈಗೆ ಜಗ್ಗಲೇ ಇಲ್ಲ, ಟವೆಲು ಸುತ್ತಿ ತಿರುಗಿಸಿದ ಮೇಲೇ...

...

ಯಾಕೆ ಹಾಗೆ ನೋಡ್ತೀಯಾ?

ಬೈ, ಪರವಾಗಿಲ್ಲ.

ಕ್ಯಾಂಟೀನಿನವನು ‘ನಿನ್ನ ಮೂಗಿಗೆ ವಯಸ್ಸಾಯ್ತು’ ಅಂದ. ಎಲ್ಲರ ಎದುರು. ನಿನ್ನೆ ಸಂಜೆ, ಒಂದೇ ಒಂದು ಉಸಿರು ನೋಡೋಣ ಅಂತ ತೆಗೆದೆ... ಏನೂ ಬರ್ಲಿಲ್ಲ. ಮುಚ್ಚಿದೆ. ಮತ್ತೆ ತೆಗೆದೆ. ಮೂಗು ಒಳಗೇ ಇಟ್ಕೊಂಡು ಕೂತೆ, ಪೆದ್ದನ ಹಾಗೆ. ಏನೂ ಬರ್ಲಿಲ್ಲ ಮಗಳೇ. ಎರಡು ವರ್ಷದಿಂದ ನನಗೆ ಯಾವ ವಾಸನೇನೂ ಬರ್ತಿಲ್ಲ.

ನಡಿ, ಮೇಷ್ಟ್ರಿಗೆ ನಾನೇ ಹೇಳ್ತೀನಿ. ನೀನೂ ಬಾ. ಒಬ್ಬನೇ ಹೋದ್ರೆ, ಅವರ ಬಾಗಿಲು ಮುಟ್ಟೋದ್ರೊಳಗೆ ಇದಕ್ಕೂ ಒಂದು ಕಥೆ ಕಟ್ಟಿಬಿಟ್ಟಿರ್ತೀನಿ.