ಎಲೆ ತಳ್ಳಿದ ದೊಡ್ಡಯ್ಯ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಮಾನ್ಯ ಪ್ರಾಂಶುಪಾಲರೇ, ತಡವಾಗಿಯಾದರೂ ನಗುನಗುತ್ತಾ ಬಂದಿರುವ ಮುಖ್ಯ ಅತಿಥಿಗಳೇ, ನನ್ನ ಸಹೋದ್ಯೋಗಿಗಳೇ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಬಸ್ಸು ಹಿಡಿದು ಬಂದಿರುವ ನನ್ನ ಆಟಗಾರರೇ, ಅವರ ತಂದೆ ತಾಯಂದಿರೇ, ಬಾಗಿಲಿಗೆ ಒರಗಿಕೊಂಡು ಈ ಮನುಷ್ಯ ಯಾವಾಗ ಮುಗಿಸುತ್ತಾನೋ ಎಂದು ನೋಡುತ್ತಿರುವ ಸಭಿಕರೇ,

ನನಗೆ ಶಾಲು ಹೊದಿಸಿದ್ದೀರಿ. ಹಾರ ಹಾಕಿದ್ದೀರಿ. ಗಂಧದ ಹಾರ, ಒಳ್ಳೆಯ ವಾಸನೆ ಇದೆ, ಸಂತೋಷ. ಆದರೆ ಮೂವತ್ತೇಳು ವರ್ಷದವನಿಗೆ ಯಾರಾದರೂ ಶಾಲು ಹೊದಿಸುತ್ತಾರೆಯೇ? ನಮ್ಮ ಊರಿನಲ್ಲಿ ಶಾಲು ಹೊದಿಸಿದರೆ ಇನ್ನು ಮೂಲೆಯಲ್ಲಿ ಕೂತುಕೋ ಎಂದು ಅರ್ಥ. ನಾನು ಕೂರುವವನಲ್ಲ. ಸಿನಿಮಾಕ್ಕೆ ಹೋದರೆ ಇಂಟರ್ವೆಲ್ಲಿನಲ್ಲಿ ಎದ್ದು ಬರುತ್ತೇನೆ. ನನ್ನ ಹೆಂಡತಿ ಮರುದೇವಿ ಎಷ್ಟು ಸಿನಿಮಾದ ಕೊನೆಯನ್ನು ಒಬ್ಬಳೇ ನೋಡಿದ್ದಾಳೋ ಅವಳನ್ನೇ ಕೇಳಬೇಕು. ಕಾಲಿಗೆ ಚಕ್ರ ಕಟ್ಟಿಕೊಂಡವನು ಎಂದು ನಮ್ಮ ತಾಯಿ ಜಿನಮ್ಮನವರು ಬೈಯುತ್ತಿದ್ದರು. ಆ ಚಕ್ರವನ್ನು ಬಿಚ್ಚಿಡಲು ನನಗೆ ಇನ್ನೂ ಬಂದಿಲ್ಲ.

ಕಾರ್ಯದರ್ಶಿ ಚಂದ್ರಯ್ಯನವರು ಆಗಲೇ ಗಡಿಯಾರ ತೋರಿಸಿದರು. ಅವರ ಕಾಳಜಿ ಏನೆಂದರೆ, ನಾನು ಜೈನ, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಈ ಪಕ್ಕದ ಕೋಣೆಯಲ್ಲಿ ಅಡುಗೆಯ ಗಂಗಯ್ಯ ನನಗೊಬ್ಬನಿಗೆ ಎಲೆ ಹಾಕಿಟ್ಟು ಕಾಯುತ್ತಿದ್ದಾನೆ. ಏಳು ಗಂಟೆಗೆ ಬೆಂಗಳೂರಿನ ಬಸ್ಸು. ಅಗೋ, ಕಿಟಕಿಯಲ್ಲಿ ನೋಡಿ, ಬಿಸಿಲು ಆಚೆ ಗೋಲ್‌ಪೋಸ್ಟಿನ ಹತ್ತಿರ ಬಂದಿದೆ. ಇನ್ನೂ ಹೊತ್ತಿದೆ. ಇದ್ದಷ್ಟು ಹೊತ್ತಿನಲ್ಲಿ ನಾನು ಒಂದು ಕೆಲಸ ಮುಗಿಸಬೇಕು, ಆ ಕೆಲಸ ಮುಂದಿನ ಸಾಲಿನಲ್ಲಿ ಬಿಳಿ ರುಮಾಲು ಸುತ್ತಿಕೊಂಡು ಕೂತಿದೆ.

ಹಳ್ಳಿಮೈಸೂರಿನ ದೊಡ್ಡಯ್ಯನವರು. ಆಲೂಗಡ್ಡೆ ಮಂಡಿಯ ದೊಡ್ಡಯ್ಯನವರು ಎಂದರೆ ಈ ಜಿಲ್ಲೆಯಲ್ಲಿ ಯಾರಿಗೆ ಗೊತ್ತಿಲ್ಲ? ಅವರ ಮಗ ಪಾಲಾಕ್ಷ ನಮ್ಮ ಫುಟ್ಬಾಲ್ ತಂಡದ ಲೆಫ್ಟ್ ಔಟ್, ಎಡಗಡೆಯ ಅಂಚಿನಲ್ಲಿ ಓಡುವವನು. ಅಲ್ಲಿ, ಹಿಂದೆ, ಕಂಬದ ಪಕ್ಕ ನಿಂತಿದ್ದಾನೆ. ನಾಳೆ ಬೆಳಿಗ್ಗೆ ಬೆಂಗಳೂರಿನಲ್ಲಿ ಕಾರ್ಖಾನೆ ತಂಡದವರು ಹುಡುಗರನ್ನು ಆಡಿಸಿ ನೋಡಿ ಆರಿಸುತ್ತಾರೆ. ಆರಿಸಿದರೆ ಕೆಲಸ, ಇರಲು ಜಾಗ, ದಿನಾ ಆಟ. ಅವನಿಗೆ ಹೋಗುವ ಆಸೆ. ತಂದೆಗೆ ಕಳಿಸುವ ಮನಸ್ಸಿಲ್ಲ. ಇಷ್ಟೇ ವಿಷಯ. ಸನ್ಮಾನದ ಸಭೆಯಲ್ಲಿ ಇದನ್ನೆಲ್ಲ ಆಡಬಾರದು ಎಂದು ಪ್ರಾಂಶುಪಾಲರ ಮುಖ ಹೇಳುತ್ತಿದೆ. ಸ್ವಾಮಿ, ನನ್ನನ್ನು ಹೊಗಳಿ ಮೂರು ಜನ ಮಾತಾಡಿದ್ದಾರೆ. ಅದರಲ್ಲಿ ಅರ್ಧ ಸುಳ್ಳು. ಇದೊಂದು ನಿಜ ಹೇಳಲು ಬಿಡಿ.

ನಾನು ಇನ್ನು ಮೇಲೆ ಅದೇ ಕಾರ್ಖಾನೆಗೆ ಆಟಗಾರರನ್ನು ಹುಡುಕಿಕೊಡುವ ಕೆಲಸಕ್ಕೆ ಹೋಗುತ್ತಿದ್ದೇನೆ. ಅದಕ್ಕೆ ಸ್ಕೌಟ್ ಎನ್ನುತ್ತಾರಂತೆ. ಹಾಗಾದರೆ ಖಾಕಿ ಚಡ್ಡಿ ಹೊಲಿಸಬೇಕಾ ಎಂದು ಮರುದೇವಿ ಕೇಳಿದಳು. ಹೆಸರು ಹೊಸದು, ಕೆಲಸ ಹಳೆಯದು. ಹನ್ನೆರಡು ವರ್ಷ ಈ ಕಾಲೇಜಿನ ಕೋಚ್ ಆಗಿ ನಾನು ಮಾಡಿದ್ದು ಅದನ್ನೇ. ಭಾನುವಾರ ಬಂದರೆ ಮನೆಯಲ್ಲಿ ಇರಲಾರೆ, ಯಾವುದೋ ಬಸ್ಸು ಹತ್ತುತ್ತೇನೆ. ಕಟ್ಟಾಯ, ಅರಕಲಗೂಡು, ಹಳ್ಳಿಮೈಸೂರು. ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು ಹುಡುಗರು ಇಳಿಯುವುದನ್ನು ನೋಡುತ್ತೇನೆ. ನಮ್ಮ ಹುಡುಗರು ಬಸ್ಸು ನಿಲ್ಲುವ ತನಕ ಎಲ್ಲಿ ಕಾಯುತ್ತಾರೆ? ಓಡುವ ಬಸ್ಸಿನಿಂದಲೇ ಹಾರುತ್ತಾರೆ. ಯಾವ ಕಾಲು ಮೊದಲು ಊರುತ್ತಾನೆ, ಮುಗ್ಗರಿಸುತ್ತಾನೋ ನಾಲ್ಕು ಹೆಜ್ಜೆ ಓಡಿ ನಿಲ್ಲುತ್ತಾನೋ, ಅದನ್ನು ನೋಡಿದರೆ ನನಗೆ ಮುಕ್ಕಾಲು ಗೊತ್ತಾಗುತ್ತದೆ. ಉಳಿದ ಕಾಲು ಭಾಗಕ್ಕೆ ನಾನೂ ಹಾರಿ ಅವನ ಹಿಂದೆ ಹೋಗುತ್ತೇನೆ. ಕಂಡಕ್ಟರುಗಳಿಂದ ತಿಂದ ಬೈಗುಳವನ್ನು ಈ ವೇದಿಕೆಯ ಮೇಲೆ ಹೇಳುವ ಹಾಗಿಲ್ಲ.

ಹೀಗೆಯೇ ಒಂದು ಸಲ ಅರಕಲಗೂಡಿನಲ್ಲಿ ಒಬ್ಬ ಹುಡುಗನ ಹಿಂದೆ ಅವನ ಮನೆಗೆ ಹೋದೆ. ಅವನ ತಾಯಿ ನೀಲಾಂಬಿಕೆಯವರು, ಇಲ್ಲೇ ಕೂತಿದ್ದಾರೆ, ಬೇಜಾರು ಮಾಡಿಕೊಳ್ಳಬಾರದು. ಹುಡುಗನ ವಯಸ್ಸೆಷ್ಟು, ಎತ್ತರವೆಷ್ಟು, ಹಾಲು ಕುಡಿಯುತ್ತಾನೋ, ಕಾಯಿಲೆ ಗೀಯಿಲೆ ಇದೆಯೋ ಎಂದು ಕೇಳುತ್ತಾ ಹೋದೆ. ಆಯಮ್ಮ ಒಳಗೆ ಹೋಗಿ ಉಪ್ಪಿಟ್ಟು ಮಾಡಿಸಿದರು, ಹುಡುಗನಿಗೆ ಮುಖ ತೊಳೆಸಿ ಬೇರೆ ಶರಟು ಹಾಕಿಸಿದರು. ನಾನು ಉಪ್ಪಿಟ್ಟು ತಿಂದು ಮುಗಿಸಿದ ಮೇಲೆ ನಿಧಾನವಾಗಿ ಕೇಳಿದರು: "ಎಲ್ಲಾ ಸರಿ ಸಾ, ನೀವು ಜೈನ್ರು, ನಾವು ಲಿಂಗ ಕಟ್ಟೋರು. ನಮ್ಮ ಮನೇಗೆ ಎಣ್ಣು ಎಂಗ್ ಕೊಟ್ಟೀರಿ?"

ಆ ಹುಡುಗ ಈಗ ನಮ್ಮ ಗೋಲ್‌ಕೀಪರ್. ಮದುವೆ ಇನ್ನೂ ಆಗಿಲ್ಲ, ಯಾರಾದರೂ ಇದ್ದರೆ ನೋಡಿ.

ನಕ್ಕಿರಿ. ದೊಡ್ಡಯ್ಯನವರು ನಗಲಿಲ್ಲ. ಅವರು ಯಾಕೆ ನಗಲಿಲ್ಲ ಎನ್ನುವುದು ಹಾಸನದ ಹಳಬರಿಗೆ ಗೊತ್ತು, ಹೊಸಬರಿಗೆ ಹೇಳಬೇಕು.

ನಾವಿಬ್ಬರೂ ಐವತ್ತೆರಡನೇ ಇಸವಿಯಲ್ಲಿ ಇದೇ ಕಾಲೇಜಿನ ತಂಡದಲ್ಲಿದ್ದೆವು. ದೊಡ್ಡಯ್ಯ ಲೆಫ್ಟ್ ಔಟ್, ನಾನು ಸೆಂಟರ್ ಫಾರ್ವರ್ಡ್. ದೊಡ್ಡಯ್ಯನಿಗೆ ಆಗಲೇ ಮದುವೆಯಾಗಿತ್ತು. ಎಡಗಡೆಯ ಗೆರೆ ಹಿಡಿದು ಅವನು ಹೊರಟನೆಂದರೆ, ಕ್ಷಮಿಸಿ, ಅವರು ಹೊರಟರೆಂದರೆ, ಹಿಡಿಯುವವರಿಲ್ಲ. ಮೂಲೆಗೆ ಹೋಗಿ ತಲೆಯೆತ್ತಿ ನನ್ನನ್ನು ನೋಡುತ್ತಿದ್ದ. ಚೆಂಡು ನನ್ನ ಕಾಲಿಗೇ ಬರುತ್ತಿತ್ತು. ನಾನು ಮಾಡಬೇಕಾಗಿದ್ದು ಕಾಲು ಚಾಚುವುದೊಂದೇ. ಗೋಲು ನನ್ನದು, ಚಪ್ಪಾಳೆ ನನ್ನದು, ಪತ್ರಿಕೆಯಲ್ಲಿ ಹೆಸರೂ ನನ್ನದು. ಇವತ್ತು ಇಲ್ಲಿ ನನ್ನನ್ನು ಹೊಗಳಿದ ಮೂವರೂ ಆ ಗೋಲುಗಳನ್ನು ಎಣಿಸಿದರು. ಕೊಟ್ಟವನ ಹೆಸರನ್ನು ಒಬ್ಬರೂ ಎತ್ತಲಿಲ್ಲ.

ಆ ವರ್ಷ ಮೈಸೂರಿನ ತಂಡದ ಮೇಲೆ ಫೈನಲ್. ನೋಡಲು ಬೆಂಗಳೂರಿನಿಂದ ಒಂದು ಕಾರ್ಖಾನೆಯ ಸಾಹೇಬರು ಬಂದಿದ್ದರು. ಗೆದ್ದೆವು. ಆಟ ಮುಗಿಯುವ ಹೊತ್ತಿಗೆ ಕತ್ತಲಾಗಿತ್ತು. ನಮ್ಮ ತಾಯಿ ಚನ್ನರಾಯಪಟ್ಟಣದಿಂದ ಮೊಸರವಲಕ್ಕಿ ಕಟ್ಟಿಕೊಂಡು ಬಂದು ಗ್ರೌಂಡಿನ ಪಕ್ಕ ಕೂತಿದ್ದರು. ಆಟದ ಮಧ್ಯೆ ಒಂದು ಸಲ ಗೆರೆಯ ತನಕ ಬಂದು ಬುತ್ತಿ ಎತ್ತಿ ಹಿಡಿದು, ಮುಳುಗುತ್ತಿರುವ ಹೊತ್ತನ್ನು ತೋರಿಸಿದರು. ಆಡುತ್ತಿರುವವನು ಹೇಗೆ ಬರಲಿ? ಆ ಬುತ್ತಿ ಹಾಗೆಯೇ ವಾಪಸ್ಸು ಹೋಯಿತು.

ದೀಪ ಹಚ್ಚಿದ ಮೇಲೆ ಸಾಹೇಬರು ನಮ್ಮಿಬ್ಬರನ್ನೂ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿಗೆ ಕರೆದರು. ಪೂರಿ ಬಂತು, ಸಾಗು ಬಂತು, ಸಿಹಿ ಬಂತು. ನಾನು ಉಣ್ಣುವುದಿಲ್ಲ ಎಂದೆ. ಇದೊಂದು ದಿನ ತಿನ್ನು, ಯಾರು ನೋಡುತ್ತಾರೆ ಎಂದು ಅವರು ಬಲವಂತ ಮಾಡಿದರು. ನಾನು ತಲೆ ತಗ್ಗಿಸಿ ಕೂತೆ. ದೊಡ್ಡಯ್ಯ ಆಗಲೇ ಪೂರಿ ಮುರಿದಿದ್ದ. ನನ್ನ ಮುಖ ನೋಡಿದ. ಮುರಿದ ಪೂರಿಯನ್ನು ಕೆಳಗಿಟ್ಟು ಎಲೆಯನ್ನು ಆಚೆ ತಳ್ಳಿದ.

"ಪದ್ದ ಉಣ್ಣದ ಕಡೆ ನಾನು ಉಣ್ಣಾಕಿಲ್ಲ ಸಾ. ಒಟ್ಟಿಗೆ ಆಡೀವಿ, ಒಟ್ಟಿಗೇ ಅಸ್ಕೊಂಡೀವಿ."

ಸಾಹೇಬರು ಒಬ್ಬರೇ ಊಟ ಮಾಡಿದರು. ಮಾರನೆಯ ದಿನ ಎಲ್ಲರೆದುರು ತೀರ್ಪು ಹೇಳಿದರು. ಪದ್ಮರಾಜ ಯಾರಿಗೂ ಹೆದರದೆ ತನ್ನ ನಿಯಮ ಉಳಿಸಿಕೊಂಡ, ಇವನು ನನಗೆ ಬೇಕು. ಇನ್ನೊಬ್ಬ ಪಕ್ಕದವನ ಮುಖ ನೋಡಿ ಎಲೆ ತಳ್ಳಿದ, ನಾಳೆ ಗೋಲಿನ ಮುಂದೆ ನಿಂತಾಗಲೂ ಪಕ್ಕದವನನ್ನೇ ನೋಡುತ್ತಾನೆ, ಇವನು ಬೇಡ.

ಸಭಿಕರೇ, ನೀವೇ ಹೇಳಿ. ಪಕ್ಕದವನನ್ನು ನೋಡದವನು ಫುಟ್ಬಾಲ್ ಯಾಕೆ ಆಡಬೇಕು? ಕುಸ್ತಿಗೆ ಹೋಗಲಿ. ಹನ್ನೊಂದು ಜನ ಯಾಕೆ ಬೇಕು? ನನಗೆ ನಿಯಮವಿತ್ತು, ಹುಟ್ಟಿನಿಂದ ಬಂದದ್ದು, ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನು? ದೊಡ್ಡಯ್ಯನಿಗೆ ಯಾವ ನಿಯಮವೂ ಇರಲಿಲ್ಲ. ಹಸಿವಿತ್ತು. ಎದುರಿಗೆ ಪೂರಿ ಇತ್ತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಹಾಸನದವರೆಲ್ಲ ಆಡಿಕೊಂಡರು. ಎಲೆ ತಳ್ಳಿದ ದೊಡ್ಡಯ್ಯ ಎಂದೇ ಹೆಸರಾಯಿತು. ನಾನು ಬಸ್ಸು ಹತ್ತಿದೆ. ಕಿಟಕಿ ಪಕ್ಕದ ಸೀಟೇ ಸಿಕ್ಕಿತ್ತು. ಕಳಿಸಲು ದೊಡ್ಡಯ್ಯ ಬಂದಿದ್ದ, ನನ್ನ ಟ್ರಂಕನ್ನು ಅವನೇ ಬಸ್ಸಿನ ಮೇಲೆ ಏರಿಸಿದ. ಈ ಮಾತು ಈಗ ಯಾಕೆ ಬಂತೋ, ಇರಲಿ.

ಬೆಂಗಳೂರಿನಲ್ಲಿ ನಾನು ಬಹಳ ದಿನ ಆಡಲಿಲ್ಲ. ಮಂಡಿ ನೋವು ಎಂದು ಎಲ್ಲರಿಗೂ ಹೇಳಿದ್ದೇನೆ. ಮಂಡಿ ಚೆನ್ನಾಗಿಯೇ ಇದೆ, ನೋಡಿ, ನಿಂತಿದ್ದೇನಲ್ಲ. ಅಲ್ಲಿ ನಾನು ಓಡಿ ಓಡಿ ಗೋಲಿನ ಮುಂದೆ ನಿಂತು ಎಡಗಡೆಗೆ ನೋಡುತ್ತಿದ್ದೆ. ಯಾರ್ಯಾರೋ ಇರುತ್ತಿದ್ದರು. ಚೆಂಡು ಬರುತ್ತಿರಲಿಲ್ಲ. ಬಂದರೂ ನನ್ನ ಕಾಲಿಗೆ ಬರುತ್ತಿರಲಿಲ್ಲ. ವಾಪಸ್ಸು ಬಂದೆ, ಇಲ್ಲಿ ಕೋಚ್ ಆದೆ. ಹನ್ನೆರಡು ವರ್ಷ ಬಸ್ಸಿನ ಬಾಗಿಲು ನೋಡಿದ್ದೇನೆ. ನೀವು ಯಾವಾಗಲೂ ಎಡಗಾಲಿನವರನ್ನೇ ಯಾಕೆ ತರುತ್ತೀರಿ ಎಂದು ಪ್ರಾಂಶುಪಾಲರು ಒಮ್ಮೆ ಕೇಳಿದ್ದರು. ಅಭ್ಯಾಸ ಎಂದೆ.

ದೊಡ್ಡಯ್ಯ ನನ್ನ ಮೇಲೆ ಸಿಟ್ಟು ಮಾಡಿದವರಲ್ಲ. ಸಿಟ್ಟು ಮಾಡಿದ್ದರೆ ನಾಲ್ಕು ದಿನದಲ್ಲಿ ಇಳಿಯುತ್ತಿತ್ತು. ಕಂಡರೆ ಮಾತಾಡಿಸುತ್ತಾರೆ. ಆದರೆ ಅವತ್ತಿನಿಂದ ಇವತ್ತಿನವರೆಗೆ ನನ್ನ ಜೊತೆ ಕೂತು ಉಂಡಿಲ್ಲ. ಮದುವೆ ಮನೆಯಲ್ಲಿ ನಾನು ಮೊದಲ ಪಂಕ್ತಿಗೆ ಕೂತರೆ ಅವರು ಎರಡನೆಯದಕ್ಕೆ. ನಮ್ಮ ಮನೆಯ ಗೃಹಪ್ರವೇಶಕ್ಕೆ ಬಂದು, ನಿಂತು ಚಪ್ಪರ ಹಾಕಿಸಿ, ಎಲೆ ಹಾಕುವ ಹೊತ್ತಿಗೆ ಲಾರಿ ಬಂತು ಎಂದು ಹೊರಟರು. ಭೂಮಿಯೊಳಗೆ ಬೆಳೆಯುವ ಗೆಡ್ಡೆಯನ್ನು ನಾವು ತಿನ್ನುವುದಿಲ್ಲ, ಆಲೂಗಡ್ಡೆ ನಮ್ಮ ಮನೆಯೊಳಗೆ ಬರುವುದಿಲ್ಲ. ಬೇಕೆಂದೇ ಈ ಮನುಷ್ಯ ಆಲೂಗಡ್ಡೆ ವ್ಯಾಪಾರಕ್ಕೆ ಇಳಿದ ಎಂದು ನನಗೆ ಗುಮಾನಿ.

ಮೊನ್ನೆ ಅವರ ಮಂಡಿಗೆ ಹೋಗಿದ್ದೆ, ಪಾಲಾಕ್ಷನ ವಿಷಯ ಕೇಳಲು. ನನ್ನ ಮುಖವನ್ನೂ ನೋಡದೆ ಹೇಳಿದರು: "ಬೆಂಗ್ಳೂರ್ನೋರು ಆಟ ನೋಡಾಕಿಲ್ಲ ಪದ್ದ, ಎಲೆ ನೋಡ್ತಾರೆ. ನನ್ ಮಗನ್ನ ಇನ್ನೊಬ್ಬ ತೂಗಿ ಬಿಸಾಕೋದು ಬ್ಯಾಡ." ನಾನು ಬಿಡಲಿಲ್ಲ. ಯಾವಾಗ ಕಳಿಸುತ್ತೀ ಅದನ್ನಾದರೂ ಹೇಳು ಎಂದೆ. "ನಿನ್ ಜೊತೆ ಕೂತು ನಾನು ಉಂಡ ದಿವ್ಸ ಬಂದು ಕೇಳು" ಎಂದರು. ಯಾವತ್ತೂ ಇಲ್ಲ ಎನ್ನುವುದನ್ನು ನಮ್ಮ ಕಡೆ ಹೀಗೂ ಹೇಳುತ್ತೇವೆ.

ಅಷ್ಟರಲ್ಲಿ ಯಾರೋ ಮೂಟೆ ಇಳಿಸುವಾಗ ಗೋಣಿ ಹರಿದು ಆಲೂಗಡ್ಡೆ ನೆಲದ ತುಂಬ ಉರುಳಿತು. ಒಂದು ಇವರ ಕಡೆ ಬಂತು. ಇವರು ಲೆಕ್ಕ ಹೇಳುತ್ತಾ ಇದ್ದವರು, ಕೆಳಗೆ ನೋಡಲೂ ಇಲ್ಲ, ಎಡಗಾಲು ಎತ್ತಿ ಅಂಗಾಲಿನಲ್ಲಿ ಅದನ್ನು ಮೆತ್ತಗೆ ನಿಲ್ಲಿಸಿದರು. ಬಾಗಿಲಲ್ಲಿ ನಿಂತಿದ್ದ ಅವರ ಯಜಮಾನಿ ದಾಕ್ಷಾಯಣಮ್ಮನವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ನನಗೆ ಅಳು ಬಂತು. ಧೂಳು ಎಂದು ಹೇಳಿ ಎದ್ದು ಬಂದೆ.

ದೊಡ್ಡ, ನಾನು ನಿನ್ನ ಮಗನನ್ನು ತೂಗಲು ಹೋಗುತ್ತಿಲ್ಲ. ನಾಳೆ ಆರಿಸುವ ಕಡೆ ನಾನೂ ಕೂತಿರುತ್ತೇನೆ. ಅವನು ಮೂಲೆಗೆ ಹೋಗಿ ತಲೆಯೆತ್ತಿ ಪಕ್ಕದವನನ್ನು ನೋಡುತ್ತಾನೆ, ಥೇಟ್ ನಿನ್ನ ಹಾಗೆ. ಅದು ತಪ್ಪು ಎಂದು ಅಲ್ಲಿ ಯಾರಾದರೂ ಬಾಯಿ ತೆರೆದರೆ ಉತ್ತರ ಕೊಡುವುದಕ್ಕೇ ನಾನು ಈ ಕೆಲಸ ಒಪ್ಪಿಕೊಂಡಿದ್ದು. ಇಲ್ಲದಿದ್ದರೆ ನನಗೆ ಬೆಂಗಳೂರು ಯಾಕೆ ಬೇಕಿತ್ತು?

ದೊಡ್ಡಯ್ಯನವರು ಎದ್ದರು.

ದಾರಿ ಬಿಡಿ, ಅವರು ಹೋಗಲಿ. ಸಭೆಯಲ್ಲಿ ಹೆಸರು ಹಿಡಿದು ಮಾತಾಡಿದರೆ ಮರ್ಯಾದಸ್ಥರು ಎದ್ದು ಹೋಗುತ್ತಾರೆ, ಅದು ಅವರ ತಪ್ಪಲ್ಲ. ಮರುದೇವಿ ಬರುವಾಗಲೇ ಹೇಳಿದ್ದಳು, ಶಾಲು ಹಾಕಿಸಿಕೊಂಡು ಬಾಯಿ ಮುಚ್ಚಿಕೊಂಡು ಬನ್ನಿ ಎಂದು. ನೀರು ಬೇಡ ಚಂದ್ರಯ್ಯನವರೇ. ಕೂರುವುದೂ ಬೇಡ.

ಏನು ಹೇಳುತ್ತಿದ್ದೆ? ವಂದನೆ. ಹೌದು, ವಂದನೆ ಹೇಳಿ ಮುಗಿಸುತ್ತೇನೆ. ಹನ್ನೆರಡು ವರ್ಷ ನನ್ನನ್ನು ಸಹಿಸಿದ ಪ್ರಾಂಶುಪಾಲರಿಗೆ ವಂದನೆ. ಮಳೆಗಾಲದಲ್ಲಿ ಗ್ರೌಂಡಿನ ನೀರು ಬಳಿದು ಸುಣ್ಣದ ಗೆರೆ ಎಳೆದ ಪಾಪಯ್ಯನಿಗೆ ವಂದನೆ. ಬೈದರೂ ಬಸ್ಸು ಹತ್ತಿಸಿಕೊಂಡ ಕಂಡಕ್ಟರುಗಳಿಗೆ ವಂದನೆ. ನೀಲಾಂಬಿಕೆಯವರ ಉಪ್ಪಿಟ್ಟಿಗೆ ವಂದನೆ. ಮುಖ್ಯ ಅತಿಥಿಗಳು ತಮ್ಮ ಅಮೂಲ್ಯವಾದ ಸಮಯವನ್ನು...

ಒಂದು ನಿಮಿಷ.

ಇಲ್ಲಿಂದ ನನಗೆ ಪಕ್ಕದ ಕೋಣೆಯ ಬಾಗಿಲು ಕಾಣುತ್ತದೆ, ನಿಮಗೆ ಕಾಣುವುದಿಲ್ಲ. ಗಂಗಯ್ಯ ಇನ್ನೊಂದು ಎಲೆ ಹಾಸುತ್ತಿದ್ದಾನೆ. ಚಂದ್ರಯ್ಯನವರೇ, ನೀವು ಹೇಳಿದ್ದು ಒಂದೇ ಎಲೆಗೆ ಅಲ್ಲವೇ? ದೊಡ್ಡಯ್ಯ ಮನೆಗೆ ಹೋಗಿಲ್ಲ. ರುಮಾಲು ತೆಗೆದು ಪಕ್ಕದಲ್ಲಿಟ್ಟು ಆ ಎಲೆಯ ಮುಂದೆ ಕೂತಿದ್ದಾನೆ. ಅನ್ನ ಬಡಿಸಿದ್ದಾರೆ. ಸಾರು ಬಿಟ್ಟಿದ್ದಾರೆ.

ಉಣ್ಣುತ್ತಿಲ್ಲ. ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದ ಎಲೆಯನ್ನು ನೋಡುತ್ತಾ ಕೂತಿದ್ದಾನೆ.

ಪಾಲಾಕ್ಷ, ಅಲ್ಲಿ ನಿಂತು ನನ್ನ ಮುಖ ನೋಡಬೇಡ. ಓಡು, ಹಾಸಿಗೆ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ಬಾ. ಸಭಿಕರೇ, ಬಿಸಿಲು ಇನ್ನೂ ಗೋಲ್‌ಪೋಸ್ಟಿನ ತುದಿಯಲ್ಲಿದೆ. ಉಳಿದವರ ವಂದನೆಗಳನ್ನು ಚಂದ್ರಯ್ಯನವರು ಹೇಳುತ್ತಾರೆ. ನಾನು ಹೋಗದಿದ್ದರೆ ಆ ಮನುಷ್ಯ ಇವತ್ತೂ ಹಸಿದೇ ಏಳುತ್ತಾನೆ. ನಮಸ್ಕಾರ.