ಹಿಂದಿನ ಗಾಡಿಯ ಬ್ರೇಕು

೨೦೦೩ರ ಆಷಾಢದ ಒಂದು ಸಂಜೆ. ಹಿನಕಲ್‌ನ ಪಂಕ್ಚರ್ ಅಂಗಡಿಯ ತಗಡಿನ ಸೂರಿನಡಿ ಮಳೆಗೆ ಸಿಕ್ಕಿಬಿದ್ದ ನಾವು ನಾಲ್ಕಾರು ಜನ ಒತ್ತಿಕೊಂಡು ಕೂತಿದ್ದೆವು. ಕರೆಂಟೂ ಹೋಗಿತ್ತು. ಎದುರಿಗೆ, ನಮ್ಮ ಜೊತೆಯೇ ಕೂತಿದ್ದ ಮಹದೇವಪ್ಪನವರು ಕೆಟ್ಟ ಗಾಡಿಗಳನ್ನು ಎಳೆಯಲು ಬಳಸುತ್ತಿದ್ದ ಹಳೇ ಡೀಸೆಲ್ ಪಿಕಪ್ಪು ನೆನೆಯುತ್ತಿತ್ತು. ಸುಮ್ಮನಿರಲಾರದೆ, "ಇದು ಎಷ್ಟು ಭಾರ ಎಳೆಯುತ್ತೆ ಯಜಮಾನ್ರೇ?" ಎಂದು ಕೇಳಿದೆ. ಮುದುಕ ಬೀಡಿ ಹಚ್ಚಿ ನಮ್ಮೆಲ್ಲರ ಮುಖ ನೋಡಿದರು.

"ಎಷ್ಟು ಕಟ್ಟಿದ್ರೂ ಎಳೀತಿತ್ತು ಕಣ್ರಪ್ಪ. ಸೋತಿದ್ದು ಒಂದೇ ಸಲ... ಬೋಗಾದೀಲಿ ಚೆಲುವರಾಜು ಅಂತ ಒಬ್ಬ ವ್ಯಾನ್ ಇಟ್ಕೊಂಡಿದ್ದ. ಹೆಂಡ್ತಿ ದೇವಿರಮ್ಮನ್ನ ಒಬ್ಳನ್ನೇ ತವರಿಗೂ ಕಳಿಸ್ದೋನಲ್ಲ. ಎಲ್ಲೋದ್ರೂ ಅವ್ನ ವ್ಯಾನಲ್ಲೇ, ಅವ್ನ ಪಕ್ಕದಲ್ಲೇ. ಕೊನೆಗೆ ಅದೇ ಸ್ಟೇರಿಂಗ್ ಮೇಲೆ ಎದೆ ಹಿಡ್ಕೊಂಡು ಜೀವ ಬುಟ್ಟ. 'ವ್ಯಾನ್ ಗುಜರಿಗೆ ಹಾಕ್ಬುಡಣ್ಣ, ಅದು ಬಾಗ್ಲಲ್ಲಿರೋಗಂಟ ನಂಗೆ ನಿದ್ದೆ ಇಲ್ಲ' ಅಂದ್ಲು ಆಯಮ್ಮ.

ಅದ್ರ ಇಂಜಿನ್ ಜಾಮ್ ಆಗಿತ್ತು, ಸರಪಳಿ ಕಟ್ಟಿ ಎಳೀಬೇಕು. ಎಳೆಯೋವಾಗ ಹಿಂದಿನ ಗಾಡೀಲಿ ಒಬ್ರು ಕೂತು ಬ್ರೇಕ್ ತುಳೀಲೇಬೇಕು, ಇಲ್ದಿದ್ರೆ ಬಂದು ನಮ್ಗೇ ಗುದ್ದುತದೆ. ಸತ್ತೋನ ಸೀಟಲ್ಲಿ ಕೂರೋಕೆ ಯಾರು ಬತ್ತಾರೆ? ಆಯಮ್ಮನೇ ಹತ್ತಿದ್ಲು.

ದಿಬ್ಬದ ಗಂಟ ಹೂವೆತ್ತಿದಂಗೆ ಬಂತು. ದಿಬ್ಬ ಸಿಕ್ತು ನೋಡಿ... ಸೆಕೆಂಡ್ ಹಾಕ್ದೆ, ಫಸ್ಟ್ ಹಾಕ್ದೆ, ಇಂಜಿನ್ ಅರಚ್ತದೆ, ಕಪ್ಪು ಹೊಗೆ, ಕ್ಲಚ್ ಸುಟ್ಟ ವಾಸನೆ, ಗಾಡಿ ಮಾತ್ರ ಒಂದು ಗೇಣು ಮುಂದಕ್ಕೋಗಾಕಿಲ್ಲ. 'ಬ್ರೇಕ್ ಬುಡಮ್ಮಾ!' ಅಂತ ಕೂಗ್ದೆ. 'ಕಾಲು ಸೀಟ್ ಮೇಲಿಕ್ಕಂಡಿದೀನಿ ಕಣಣ್ಣಾ... ಪೆಡಲ್ಲು ತಾನೇ ಇಳೀತಾ ಅದೆ!' ಅಂದ್ಲು.

ಆಮೇಲೆ ವ್ಯಾನು ನನ್ನ ಗಾಡೀನೇ ಹಿಂದಕ್ಕೆ ಎಳೆಯೋಕೆ ಶುರುಮಾಡ್ತು. ಇಂಜಿನ್ ಸತ್ತ ವ್ಯಾನು ಕಣ್ರಪ್ಪ, ನಂಬ್ತೀರಾ? ಹಿಂದೆ ದೊಡ್ಡ ಹಳ್ಳ. ಆಯಮ್ಮ ಎಷ್ಟು ಒದ್ದಾಡಿದ್ರೂ ಬಾಗ್ಲು ತೆರೀತಿಲ್ಲ. ಆಗ ಆಯಮ್ಮ ಕಿರುಚಿದ್ಲು: 'ನೀವ್ ಬದುಕಿರೋಗಂಟ ಹೇಳ್ದಂಗೇ ಕೇಳಿದೀನಿ. ಇನ್ನು ನಿಮ್ ಜೊತೆ ಬರಾಕಿಲ್ಲ. ಬುಟ್ಬುಡಿ ನನ್ನ!'

ಬಾಗ್ಲು ತೆರ್ಕೊಂತು. ಆಯಮ್ಮ ರೋಡಿಗೆ ಬಿದ್ಲು. ಸರಪಳಿ ಕಿತ್ಕೊಂಡು ವ್ಯಾನು ಹಳ್ಳಕ್ಕೋಯ್ತು. ಸದ್ಯ, ಮುಗೀತು ಅಂದ್ಕೊಂಡ್ವಿ..."

ಮಹದೇವಪ್ಪನವರು ಬೀಡಿಯನ್ನು ನೆಲಕ್ಕೆ ಹೊಸಕಿದರು.

"ಅವತ್ತಿಂದ ನನ್ನ ಗಾಡಿ ಖಾಲಿ ಇದ್ರೂ ಲೋಡ್ ಹೊತ್ತಂಗೆ ಮುಕ್ಕರೀತದೆ. ಆಯಮ್ಮ ಇರೋ ಬೋಗಾದಿ ಕಡೆ ತಿರುಗಿಸಿದ್ರೆ ಮಾತ್ರ ಆಕ್ಸಿಲೇಟರ್ ಮುಟ್ಟೋದೇ ಬೇಡ. ಭಯ ಕಣ್ರಪ್ಪ, ಆ ಕಡೆ ಹೋಗೋದೇ ಬುಟ್ಟೆ. ಆದ್ರೇನು? ಮನೆ ಮುಂದೆ ನಿಲ್ಸಿದ್ದು ಬೆಳಿಗ್ಗೆ ಎದ್ರೆ ಅಲ್ಲಿರಾಕಿಲ್ಲ. ಮೊದಮೊದ್ಲು ಬೀದಿ ಕೊನೇಲಿ ಸಿಕ್ತಿತ್ತು, ಆಮೇಲಾಮೇಲೆ ಬೋಗಾದಿಗೋಗೋ ರಿಂಗ್ ರೋಡಲ್ಲಿ... ಇವತ್ತು ದೇವಿರಮ್ಮನ ಮನೆ ಮುಂದೇನೇ ನಿಂತಿತ್ತು. ಡ್ರೈವರ್ ಪಕ್ಕದ ಸೀಟಿನ ಬಾಗ್ಲು ತೆರ್ಕೊಂಡು."